ಶಾಲಾರಂಭದಲ್ಲಿ ಮಕ್ಕಳ ಆತ್ಮಪರಿಚಯ ಲೇಖನ

ರೋಹಿಣಿ ಮಳೆಯ ಹೊತ್ತಿಗೆ ನಮ್ಮ ನಾಡಿನ ಪ್ರಾಥಮಿಕ ಶಾಲೆಗಳು ಬೇಸಗೆಯ ಬಿಡುವನ್ನು ಮುಗಿಸಿ ಬಾಗಿಲು ತೆರೆಯುತ್ತವೆ. ಮೊದಲ ದಿನ ತಳಿರು ತೋರಣ, ಸಿಹಿಯೂಟ; ಮರುದಿನದಿಂದ ಪಠ್ಯಪುಸ್ತಕಗಳ ಹಂಚಿಕೆ; ಅನಂತರ ಹಿಂದಿನ ವರ್ಷದ ಪಾಠಗಳನ್ನು ನೆನಪಿಗೆ ತರುವ ಸೇತುಬಂಧ. ಈ ಗಡಿಬಿಡಿಯ ನಡುವೆ ಉಪಾಧ್ಯಾಯರು ಮಕ್ಕಳಿಗೆ ಹೇಳುವ ಒಂದು ಮಾತುಂಟು: “ನಿಮ್ಮ ನಿಮ್ಮ ಪರಿಚಯವನ್ನು ಬರೆದುಕೊಂಡು ಬನ್ನಿರಿ.” ಹೇಳಿದವರಿಗೆ ಇದು ಒಂದು ದಿನದ ಮನೆಗೆಲಸ, ಬರೆಯುವ ಮಗುವಿಗಾದರೋ ಅದು ತನ್ನನ್ನು ತಾನು ಅಕ್ಷರದಲ್ಲಿ ಕಾಣುವ ಮೊದಲನೆಯ ಸಂದರ್ಭ. ಇದನ್ನು ಹೇಗೆ ಬರೆಯಿಸಬೇಕು, ಬರೆದುದನ್ನು ಹೇಗೆ ಓದಬೇಕು, ಮನೆಯವರು ಎಲ್ಲಿಯವರೆಗೆ ನೆರವಾಗಬೇಕು ಎಂಬುದನ್ನು ಗೃಹಸ್ಥರಾದ ವಾಚಕರ ಮುಂದೆ ಇಡುವುದು ಉಚಿತವೆಂದು ತೋರಿ ಈ ಲೇಖನವನ್ನು ಬರೆಯಲಾಗಿದೆ. ಉಪಾಧ್ಯಾಯರಿಗೆ ಮಾತ್ರ ಸಂಬಂಧಿಸಿದ ವಿಷಯವಿದು ಎಂದು ತಾಯಿತಂದೆಗಳು ಪುಟ ತಿರುವಬಾರದು. ಈ ಹಾಳೆಗಳಲ್ಲಿ ಅರ್ಧದಷ್ಟು ಮನೆಯಲ್ಲಿಯೇ ಕೆಡುತ್ತವೆ.

ಹೇಗೆ ಕೆಡುತ್ತವೆ? ನಲವತ್ತು ಮಕ್ಕಳ ಹಾಳೆಗಳನ್ನು ಒಟ್ಟಿಗೆ ಹಿಡಿದು ನೋಡಿದರೆ ತಿಳಿಯುತ್ತದೆ. ನನ್ನ ಹೆಸರು ಇಂಥದು, ತಂದೆಯ ಹೆಸರು ಇಂಥದು, ತಾಯಿಯ ಹೆಸರು ಇಂಥದು, ನಾನು ಇಂಥ ತರಗತಿಯಲ್ಲಿ ಓದುತ್ತಿದ್ದೇನೆ, ನನಗೆ ಇಷ್ಟವಾದ ಹಣ್ಣು ಮಾವು, ನಾನು ಮುಂದೆ ವೈದ್ಯನಾಗಿ ದೇಶಸೇವೆ ಮಾಡುವೆನು. ಹೆಸರುಗಳನ್ನು ಅಳಿಸಿಬಿಟ್ಟರೆ ಯಾವ ಹಾಳೆ ಯಾರದೆಂದು ಹೆತ್ತ ತಾಯಿಗೂ ಗುರುತು ಸಿಗದು. ಪರಿಚಯವೆಂದರೆ ಒಬ್ಬರನ್ನು ಇನ್ನೊಬ್ಬರಿಂದ ಬೇರೆಯಾಗಿ ಅರಿಯುವುದು. ನಲವತ್ತು ಮಂದಿಯನ್ನು ಒಂದೇ ಅಚ್ಚಿನಲ್ಲಿ ಒತ್ತುವ ಬರಹಕ್ಕೆ ಆ ಹೆಸರು ಸಲ್ಲುವುದಿಲ್ಲ. ಅದು ಮಾದರಿ ಪ್ರಬಂಧದ ನಕಲು ಅಷ್ಟೆ.

ಇನ್ನೂ ಒಂದು ಸಂಗತಿಯನ್ನು ಯೋಚಿಸಬೇಕು. ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕ, ಜಾತಿ, ಊರು ಇವೆಲ್ಲ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮೊದಲೇ ಬಂದಿರುತ್ತವೆ. ಈಚೆಗೆ ಪ್ರತಿಯೊಂದು ಮಗುವಿಗೂ ಸರಕಾರದ ಗಣಕಯಂತ್ರದಲ್ಲಿ ಒಂದು ಸಂಖ್ಯೆಯೂ ಉಂಟು. ಪುಸ್ತಕದಲ್ಲಿ ಇರುವುದನ್ನೇ ಮತ್ತೆ ಮಗುವಿನ ಕೈಯಿಂದ ಬರೆಯಿಸಿದರೆ ಗುರುವಿಗೆ ಹೊಸದಾಗಿ ತಿಳಿದುದೇನು? ದಾಖಲಾತಿ ಪುಸ್ತಕ ಹೇಳಲಾರದ್ದನ್ನು ಈ ಹಾಳೆ ಹೇಳಬೇಕು. ಮಗುವನ್ನು ಇನ್ನೂ ಅರಿಯದ ಗುರುವಿಗೆ ಆ ಮಗು ಬರೆಯುವ ಮೊದಲ ಕಾಗದವೆಂದು ಇದನ್ನು ತಿಳಿಯತಕ್ಕದ್ದು.

ಪುಸ್ತಕದ ಪ್ರಶ್ನೆಗಳನ್ನೇ ಕೇಳುವುದರಿಂದ ನಿರುಪಯೋಗವಷ್ಟೇ ಅಲ್ಲ, ನೋವೂ ಉಂಟಾಗುತ್ತದೆ. ನಾನು ಬಲ್ಲ ಒಂದು ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಕರಿಹಲಗೆಯ ಮೇಲೆ ಎಂಟು ಸಾಲುಗಳನ್ನು ಬರೆದುಕೊಟ್ಟು, ಬಿಟ್ಟ ಸ್ಥಳಗಳನ್ನು ತುಂಬಿರಿ ಎಂದು ಹೇಳಲಾಗಿತ್ತು. ಎರಡನೆಯ ಸಾಲು ತಂದೆಯ ಹೆಸರು, ಮೂರನೆಯದು ತಂದೆಯ ಉದ್ಯೋಗ. ಒಬ್ಬ ಹುಡುಗಿ ಮೊದಲ ಸಾಲನ್ನು ಬರೆದು ಅಲ್ಲಿಯೇ ನಿಂತಳು. ಉಳಿದ ಮಕ್ಕಳು ಹಾಳೆಗಳನ್ನು ಒಪ್ಪಿಸಿ ಆಟಕ್ಕೆ ಹೋದರೂ ಆಕೆ ಬಳಪ ಕಚ್ಚುತ್ತ ಕುಳಿತೇ ಇದ್ದಳು. ತಂದೆ ಮನೆ ಬಿಟ್ಟುಹೋಗಿ ವರ್ಷಗಳಾಗಿದ್ದುವು. ಹೆಸರು ಗೊತ್ತು, ಬರೆಯಲು ಮನಸ್ಸಿಲ್ಲ. ಉದ್ಯೋಗವೇನೆಂದು ಯಾರಿಗೂ ತಿಳಿಯದು. ಆ ಶಾಲೆಯ ಅಕ್ಕನವರು ವಿವೇಕಿಗಳು. ಆ ಹಾಳೆಯನ್ನು ಪಕ್ಕಕ್ಕಿಟ್ಟು ಬೇರೊಂದು ಹಾಳೆಯನ್ನು ಕೊಟ್ಟು, “ಮನ್ಯಾಗ ನೀ ಏನ್ ಕೆಲಸ ಮಾಡ್ತಿ, ಅದನ್ನ ಬರಿ ಮಗಾ” ಎಂದರು. ಹುಡುಗಿ ಬರೆದಳು: “ನಮ್ಮಜ್ಜಿ ಮಂದಿಗೆ ಕೌದಿ ಹೊಲದು ಕೊಡತಾಳ. ಆಕಿಗೆ ಕಣ್ಣ ಕಾಣಂಗಿಲ್ಲ. ಸೂಜಿಗೆ ದಾರ ಪೋಣಸೋದು ನಾನು.”

ಮೂರೇ ವಾಕ್ಯಗಳು. ಆ ಮನೆಯ ಅನ್ನ ಎಲ್ಲಿಂದ ಬರುತ್ತದೆ, ಆ ಮನೆಯಲ್ಲಿ ಈ ಮಗುವಿನ ಸ್ಥಾನವೇನು, ಸಂಜೆ ದೀಪ ಹಚ್ಚಿದ ಮೇಲೆ ಓದಲು ಹೊತ್ತು ಸಿಗುವುದೋ ಇಲ್ಲವೋ, ಇವೆಲ್ಲ ಅದರಲ್ಲಿ ಅಡಗಿವೆ. ಮನೆಗೆಲಸ ಬರೆದುಕೊಂಡು ಬಾರದ ದಿನ ಆಕೆಯನ್ನು ಹೇಗೆ ಮಾತನಾಡಿಸಬೇಕೆಂಬುದು ಗುರುವಿಗೆ ತಿಳಿದುಹೋಯಿತು. ಎಂಟು ಸಾಲುಗಳ ಮಾದರಿಯಲ್ಲಿ ಆಕೆ ತಂದೆಯಿಲ್ಲದ ಹುಡುಗಿಯಾಗಿದ್ದಳು. ತನ್ನ ಮಾತಿನಲ್ಲಿ ಬರೆದಾಗ ಅಜ್ಜಿಯ ಕಣ್ಣಾದಳು.

ಮನುಷ್ಯನು ತನ್ನನ್ನು ಯಾವುದರಿಂದ ಪರಿಚಯಿಸಿಕೊಳ್ಳಬೇಕೆಂಬ ವಿಚಾರಕ್ಕೆ 12ನೆಯ ಶತಮಾನದ ಶರಣರ ಹೆಸರುಗಳೇ ಉತ್ತರವಾಗಿ ನಿಂತಿವೆ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ, ಮೋಳಿಗೆಯ ಮಾರಯ್ಯ ಎಂಬಲ್ಲಿ ಹೆಸರಿಗಿಂತ ಮೊದಲು ಕಾಯಕ ಬಂದಿದೆ. ಬಟ್ಟೆ ಒಗೆಯುವುದು, ಹಗ್ಗ ಹೊಸೆಯುವುದು, ಬಿದಿರು ಹೆಣೆಯುವುದು, ಕಟ್ಟಿಗೆ ಹೊರುವುದು ಇವನ್ನು ಮರೆಮಾಚದೆ ಹೆಸರಿನ ತಲೆಯ ಮೇಲೆಯೇ ಹೊತ್ತರು. ಚೌಡಯ್ಯನವರಂತೂ ವಚನಗಳಿಗೆ ‘ಅಂಬಿಗರ ಚೌಡಯ್ಯ’ ಎಂಬ ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡರು. ದೋಣಿ ನಡೆಸುವವನೆಂಬ ಗುರುತು ಒಂದೊಂದು ವಚನದಲ್ಲಿಯೂ ಉಳಿಯಿತು. ಆಯ್ದಕ್ಕಿ ಲಕ್ಕಮ್ಮನವರ ಅಂಕಿತದಲ್ಲಿ ಪತಿಯ ಹೆಸರು ಸೇರಿದೆ. ಹೆಸರಿನ ಹಿಂದೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವಿದೆ. ಅಂಕಿತವು ದೇವರಿಗೆ ಸಂಬಂಧಿಸಿದ್ದು, ಶಾಲೆಯ ಹಾಳೆ ಲೋಕವ್ಯವಹಾರಕ್ಕೆ ಸಂಬಂಧಿಸಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ಆದರೆ ‘ಯಾರ ಮಗ?’ ಎಂಬ ಪ್ರಶ್ನೆಗಿಂತ ‘ಏನು ಮಾಡುತ್ತೀ?’ ಎಂಬ ಪ್ರಶ್ನೆ ಮಗುವಿಗೆ ಹೆಚ್ಚು ಹಿತಕರವಾದುದು ಎಂಬುದನ್ನು ಈ ಹೆಸರುಗಳಿಂದ ಕಲಿಯಬಹುದು. ಎಂಟು ವರ್ಷದ ಮಗುವಿಗೂ ಮನೆಯಲ್ಲಿ ಒಂದು ಕೆಲಸವಿರುತ್ತದೆ. ಕರುವನ್ನು ಕಟ್ಟುವುದು, ತಂಗಿಯನ್ನು ಆಡಿಸುವುದು, ಅಂಗಡಿಯಿಂದ ಬೆಲ್ಲ ತರುವುದು.

ಇನ್ನು ಬರೆಯಿಸುವ ಕ್ರಮ. ಒಂದನೆಯ ತರಗತಿಯ ಮಗುವಿಗೆ ಅಕ್ಷರವೇ ಹೊಸದು. ಅದು ಹೇಳಬೇಕು, ಗುರು ಬರೆಯಬೇಕು. ನ್ಯೂಜಿಲೆಂಡಿನಲ್ಲಿ ಮಾವೊರಿ ಜನಾಂಗದ ಎಳೆಯ ಮಕ್ಕಳಿಗೆ ಪಾಠ ಹೇಳಿದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಉಪಾಧ್ಯಾಯಿನಿ ತಮ್ಮ ಅನುಭವವನ್ನು 1963ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರು ಒಂದೊಂದು ಮಗುವನ್ನೂ ಹತ್ತಿರ ಕರೆದು, ನಿನಗೆ ಯಾವ ಶಬ್ದ ಬೇಕೆಂದು ಕೇಳಿ, ಅದನ್ನು ದಪ್ಪ ಕಾಗದದ ಮೇಲೆ ಬರೆದು ಮಗುವಿನ ಕೈಯಲ್ಲಿಡುತ್ತಿದ್ದರು. ಮಗುವಿನ ಅಕ್ಕರೆ ಅಥವಾ ಅಂಜಿಕೆಗೆ ಸೇರಿದ ‘ಅಮ್ಮ’, ‘ಭೂತ’ ಮೊದಲಾದ ಶಬ್ದಗಳು ಒಂದೇ ನೋಟದಲ್ಲಿ ಮನಸ್ಸಿಗೆ ಅಂಟುತ್ತಿದ್ದುವು. ಗುರುತು ಹಿಡಿಯಲಾಗದ ಶಬ್ದದ ಕಾಗದವನ್ನು ಅವರು ತೆಗೆದುಬಿಡುತ್ತಿದ್ದರು. ನಮ್ಮ ಒಂದನೆಯ ತರಗತಿಗೂ ಈ ಕ್ರಮ ಒಗ್ಗುತ್ತದೆ. ಮಗು ತನ್ನ ಮನೆಯ ಚಿತ್ರವನ್ನು ಬರೆಯಲಿ, ಅದರ ಕೆಳಗೆ ಅದು ಬಾಯಲ್ಲಿ ಹೇಳಿದ ಒಂದು ವಾಕ್ಯವನ್ನು ಗುರು ಬರೆಯಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯವನ್ನೆಲ್ಲ ವ್ಯಾಪಿಸಿದ ನಲಿ-ಕಲಿ ಪದ್ಧತಿಯಲ್ಲಿ ಕೆಳಗಿನ ತರಗತಿಗಳ ಮಕ್ಕಳು ಒಟ್ಟಿಗೆ ಕೂಡುವರಷ್ಟೆ. ಅಲ್ಲಿ ಮೂರನೆಯ ತರಗತಿಯ ಮಗುವೇ ಚಿಕ್ಕದರ ಮಾತನ್ನು ಬರೆದುಕೊಡಬಹುದು. ಎರಡನೆಯ ತರಗತಿಗೆ ಎರಡು ಮೂರು ವಾಕ್ಯ, ಮೂರನೆಯದಕ್ಕೆ ಐದಾರು, ನಾಲ್ಕು ಐದರವರಿಗೆ ಒಂದು ಪುಟ ಸಾಕು. ಅದಕ್ಕಿಂತ ಹೆಚ್ಚು ಕೇಳಿದರೆ ಮಗು ಅಳತೆ ತುಂಬಿಸಲು ಬರೆಯುತ್ತದೆ.

ಮೊದಲು ಗುರುವೇ ತನ್ನ ಪರಿಚಯವನ್ನು ಬರೆದು ಮಕ್ಕಳ ಮುಂದೆ ಓದುವುದು ಬಹಳ ಪ್ರಯೋಜನಕಾರಿ. ಪದವಿ, ಸೇವಾವಧಿ, ಹಿಂದೆ ಕಲಿಸಿದ ಶಾಲೆಗಳ ಪಟ್ಟಿ ಅದರಲ್ಲಿ ಬೇಡ. ಚಿಕ್ಕಂದಿನಲ್ಲಿ ತಾನು ಯಾವ ಮರ ಹತ್ತಿ ಬಿದ್ದೆನು, ಈಗಲೂ ಯಾವ ಪಲ್ಯ ಸೇರುವುದಿಲ್ಲ, ಮಳೆಗಾಲದಲ್ಲಿ ಶಾಲೆಗೆ ಬರುವಾಗ ಹಳ್ಳ ದಾಟಲು ಏಕೆ ಅಂಜುತ್ತೇನೆ ಎಂಬಂಥ ನಾಲ್ಕು ಮಾತು. ಗುರುವಿಗೂ ಅಂಜಿಕೆಯುಂಟೆಂದು ಕೇಳಿದ ಮಗುವಿನ ಕೈ ಸಡಿಲಾಗುತ್ತದೆ. ಇದರಿಂದ ಗುರುವಿನ ಗೌರವ ಕುಗ್ಗುವುದೆಂದು ಶಂಕಿಸುವವರಿದ್ದಾರೆ. ಅಷ್ಟಕ್ಕೇ ಕುಗ್ಗುವ ಗೌರವವನ್ನು ಬಹಳ ಕಾಲ ಕಾಯುವುದೂ ಕಷ್ಟ.

ಪ್ರಶ್ನೆಗಳನ್ನು ಬಾಯಲ್ಲಿ ಕೇಳಿ, ಮಕ್ಕಳು ಅವುಗಳಲ್ಲಿ ತಮಗೆ ಬೇಕಾದ ಎರಡು ಮೂರನ್ನು ಆರಿಸಿಕೊಳ್ಳಲು ಬಿಡಬೇಕು. ಬೆಳಿಗ್ಗೆ ಎಚ್ಚರವಾದೊಡನೆ ನಿನ್ನ ಕಿವಿಗೆ ಬೀಳುವ ಮೊದಲ ಸಪ್ಪಳ ಯಾವುದು? ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಏನೇನು ಸಿಗುತ್ತದೆ? ಮನೆಯಲ್ಲಿ ನಿನ್ನನ್ನು ಕರೆಯುವ ಹೆಸರಾವುದು? ಇತರರಿಗೆ ನೀನು ಕಲಿಸಬಲ್ಲ ಒಂದು ಕೆಲಸ ಯಾವುದು? ಕಳೆದ ವರ್ಷ ಶಾಲೆಯಲ್ಲಿ ನಿನಗೆ ತಿಳಿಯದೆ ಹೋದುದು ಏನು? ಈ ಕೊನೆಯ ಪ್ರಶ್ನೆಯನ್ನು ನಾಲ್ಕು ಐದನೆಯವರಿಗೆ ತಪ್ಪದೆ ಕೇಳತಕ್ಕದ್ದು. ಕೈದಾಟು ಕಳೆಯುವ ಲೆಕ್ಕ ತಿಳಿಯಲಿಲ್ಲವೆಂದು ಮಗು ತಾನಾಗಿ ಬರೆದರೆ, ಸೇತುಬಂಧದ ಪರೀಕ್ಷೆ ಆ ಮಾತನ್ನು ಅಂಕಿಗಳಲ್ಲಿ ಹೇಳುವುದಕ್ಕೆ ಮೊದಲೇ ಗುರುವಿಗೆ ಕೆಲಸ ಸಿಕ್ಕಿತು. ಮೊದಲ ಪ್ರಶ್ನೆಯೂ ಸಾಮಾನ್ಯವಲ್ಲ. “ನಮ್ಮವ್ವ ನಸುಕಿನ್ಯಾಗ ರೊಟ್ಟಿ ಬಡಿತಾಳ, ಆ ಸಪ್ಪಳಕ್ಕ ಎಚ್ಚರ ಆಗತೈತಿ” ಎಂದು ಒಬ್ಬನು ಬರೆದರೆ, ಇನ್ನೊಬ್ಬನಿಗೆ ಎಚ್ಚರವಾಗುವುದು ಕಬ್ಬಿನ ಗಾಡಿಯ ಸದ್ದಿಗೆ. ಮೂರನೆಯವನಿಗೆ ಮಗ್ಗದ ಲಟಪಟಕ್ಕೆ. ಒಂದು ಸಾಲಿನಲ್ಲಿ ಮನೆಯೆಲ್ಲ ಕಂಡಂತಾಯಿತು. ತಂದೆಯ ಉದ್ಯೋಗವೇನೆಂದು ಯಾರೂ ಕೇಳಬೇಕಾಗಲಿಲ್ಲ.

ಇಲ್ಲಿ ವ್ಯಾಕರಣದ ವಿಚಾರವಾಗಿ ಸ್ವಲ್ಪ ನಿಲ್ಲಬೇಕಾಗಿದೆ. ನಮ್ಮ ಶಾಸ್ತ್ರದಲ್ಲಿ ಅವನು ಎಂಬುದು ಪ್ರಥಮ ಪುರುಷ, ನೀನು ಎಂಬುದು ಮಧ್ಯಮ, ನಾನು ಎಂಬುದು ಉತ್ತಮ ಪುರುಷ. ಇಲ್ಲಿ ಉತ್ತಮವೆಂದರೆ ಕಡೆಯದು ಎಂದರ್ಥ; ಶ್ರೇಷ್ಠವೆಂದಲ್ಲ. ಮಕ್ಕಳ ಬರವಣಿಗೆಯಲ್ಲಿಯೂ ಕ್ರಮ ಹಾಗೆಯೇ ಇದೆ. ಆಕಳು, ಅಜ್ಜಿ, ಗುಡ್ಡ, ಗೆಳೆಯ ಇವರೆಲ್ಲ ಬಂದ ಮೇಲೆ ಕಡೆಗೆ ‘ನಾನು’ ಬರುತ್ತದೆ. ಹಾಳೆಯ ಪ್ರತಿಯೊಂದು ಸಾಲೂ ‘ನಾನು’ ‘ನನ್ನ’ ಎಂದೇ ಆರಂಭವಾಗಬೇಕೆಂದು ಹಟ ಹಿಡಿಯಬಾರದು. ಕನ್ನಡದ ಮಗು ‘ನನ್ನ ತಾಯಿ’ ಎನ್ನುವುದು ಅಪರೂಪ. ‘ನಮ್ಮವ್ವ’, ‘ನಮ್ಮಮ್ಮ’, ‘ನಮ್ಮೂರು’, ‘ನಮ್ಮ ಮನೆ’ ಎನ್ನುತ್ತದೆ. ಒಬ್ಬನೇ ಮಗನಾದರೂ ‘ನಮ್ಮಪ್ಪ’ ಎಂದೇ ಅವನ ಮಾತು. ಇದನ್ನು ಏಕವಚನ ಬಹುವಚನಗಳ ದೋಷವೆಂದು ಎಣಿಸಿ ‘ನನ್ನ’ ಎಂದು ತಿದ್ದುವವರನ್ನು ಕಂಡಿದ್ದೇನೆ. ಅವರು ತಿದ್ದಿದ್ದು ಮಗುವಿನ ತಪ್ಪನ್ನಲ್ಲ, ಕನ್ನಡದ ಜಾಯಮಾನವನ್ನು!

ಆಡುಮಾತಿನ ವಿಷಯವೂ ಹೀಗೆಯೇ. ಗ್ರಾಂಥಿಕ ಭಾಷೆಯನ್ನು ಕಲಿಸುವುದು ಶಾಲೆಯ ಕರ್ತವ್ಯ. ಈ ಲೇಖಕನು ಆ ಪಕ್ಷದವನೇ. ‘ಬರತೇನಿ’ ಎಂಬುದು ‘ಬರುತ್ತೇನೆ’ ಆಗಬೇಕು, ‘ಆಲು’ ಎಂದು ಬರೆದವನು ‘ಹಾಲು’ ಎಂದು ಬರೆಯಬೇಕು, ಲಕಾರ ಳಕಾರಗಳ ಭೇದ ತಿಳಿಯಬೇಕು, ಅಲ್ಪಪ್ರಾಣ ಮಹಾಪ್ರಾಣಗಳು ತಮ್ಮ ತಮ್ಮ ಸ್ಥಾನದಲ್ಲಿರಬೇಕು. ಅದಕ್ಕೆ ವರ್ಷವೆಲ್ಲ ಮುಂದಿದೆ. ಈ ಒಂದು ಹಾಳೆಗೆ ಮಾತ್ರ ಕೆಂಪು ಶಾಯಿ ಮುಟ್ಟಬಾರದು. ತನ್ನ ಅಜ್ಜಿಯ ಸಂಗತಿಯನ್ನು ಬರೆದ ಮಗುವಿಗೆ ಹನ್ನೆರಡು ಕೆಂಪು ಗೆರೆಗಳು ಮರಳಿ ಬಂದರೆ, ಅದು ಮುಂದಿನ ಸಲ ತಪ್ಪಿಲ್ಲದೆ ಬರೆಯುವುದೆಂದು ತಿಳಿಯುವುದು ಭ್ರಮೆ. ತನಗೆ ಬರೆಯಲು ಬರುವಷ್ಟನ್ನೇ ಬರೆಯುತ್ತದೆ. ಎಂದರೆ ಮಾವಿನಹಣ್ಣು ಮತ್ತು ದೇಶಸೇವೆ. ತಪ್ಪುಗಳನ್ನು ಗುರು ತನ್ನ ಪುಸ್ತಕದಲ್ಲಿ ಬೇರೆಯಾಗಿ ಗುರುತಿಸಿಕೊಂಡು, ಮುಂದಿನ ವಾರದ ಉಕ್ತಲೇಖನದಲ್ಲಿ ಎಲ್ಲರಿಗೂ ಒಟ್ಟಾಗಿ ಕಲಿಸಬಹುದು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ಮರಾಠಿ, ತುಳು, ಕೊಂಕಣಿ ಆಡುವ ಮಕ್ಕಳಿಗೆ ಇನ್ನೊಂದು ಸಲಿಗೆ ಬೇಕು. ಕನ್ನಡದ ಶಬ್ದ ಒದಗದಿದ್ದಲ್ಲಿ ತಮ್ಮ ಮನೆಯ ಶಬ್ದವನ್ನೇ ಕನ್ನಡದ ಅಕ್ಷರಗಳಲ್ಲಿ ಬರೆಯಲಿ. ಅಮ್ಮನನ್ನು ತಾಂಡೆಯಲ್ಲಿ ‘ಯಾಡಿ’ ಎಂದು ಕರೆಯುವ ಮಗು ಹಾಗೆಯೇ ಬರೆಯಲಿ. ನಮ್ಮ ಲಿಪಿಗೆ ಅದರಿಂದ ಯಾವ ಕೊರತೆಯೂ ಆಗದು.

ಹಾಳೆಗಳು ಕೈಗೆ ಬಂದ ಮೇಲೆ ಮಾಡಬೇಕಾದುದು ಅವನ್ನು ಓದುವುದು. ಇದನ್ನು ಹೇಳಬೇಕೆ ಎಂದು ಕೆಲವರು ನಗಬಹುದು. ಆದರೆ ಸಹಿ ಹಾಕಿ ಕಪಾಟಿಗೆ ಸೇರಿಸುವುದೇ ರೂಢಿ. ದಿನಕ್ಕೆ ಹತ್ತರಂತೆ ಓದಿದರೆ ನಲವತ್ತು ಮಕ್ಕಳ ಹಾಳೆಗಳು ನಾಲ್ಕು ದಿನದಲ್ಲಿ ಮುಗಿಯುತ್ತವೆ. ಪ್ರತಿಯೊಂದರ ಕೆಳಗೆ ಒಂದು ವಾಕ್ಯದ ಉತ್ತರ ಬರೆಯಬೇಕು. ‘ಉತ್ತಮ’, ‘ಚೆನ್ನಾಗಿದೆ’ ಎಂಬುವು ಉತ್ತರಗಳಲ್ಲ. “ಈಗ ಅಜ್ಜಿ ಯಾವ ಬಣ್ಣದ ಕೌದಿ ಹೊಲಿಯುತ್ತಿದ್ದಾಳೆ?” ಎಂಬುದು ಉತ್ತರ. ಮಗು ಮರುದಿನ ಅದಕ್ಕೆ ಮಾರುತ್ತರವನ್ನು ಬಾಯಲ್ಲಿ ಹೇಳಲು ತಾನಾಗಿ ಬರುತ್ತದೆ. ಹಾಳೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವ ಮೊದಲು ಬರೆದವರ ಒಪ್ಪಿಗೆ ಕೇಳತಕ್ಕದ್ದು, ಚಿಕ್ಕವರಾದರೂ ಕೇಳತಕ್ಕದ್ದು. ಬೇಡವೆಂದರೆ ಅಲ್ಲಿಗೆ ಬಿಡಬೇಕು. ಎಲ್ಲರ ಹಾಳೆಗಳನ್ನೂ ಗೋಡೆಗೆ ಅಂಟಿಸುವ ಉತ್ಸಾಹವನ್ನೂ ಇದೇ ಕಾರಣದಿಂದ ತಡೆಯಬೇಕಾಗುತ್ತದೆ.

ಕೆಲವೊಮ್ಮೆ ಹಾಳೆಯಲ್ಲಿ ಗುರು ನಿರೀಕ್ಷಿಸದ ಸಂಗತಿ ಬರುತ್ತದೆ. ರಾತ್ರಿ ಊಟವಿರಲಿಲ್ಲವೆಂದೋ, ಮನೆಯಲ್ಲಿ ಕುಡಿದು ಬಂದವರು ಹೊಡೆಯುತ್ತಾರೆಂದೋ, ಸಂಬಂಧಿಕರೊಬ್ಬರನ್ನು ಕಂಡರೆ ಭಯವೆಂದೋ ಒಂದು ಸಾಲು ಇರಬಹುದು. ಅದನ್ನು ಸಹಶಿಕ್ಷಕರ ಕೋಣೆಯ ಮಾತಿಗೆ ವಸ್ತುವಾಗಿಸುವುದು ಹೇಯ. ಕಂಡೂ ಕಾಣದಂತೆ ಮಡಚಿಡುವುದೂ ತರವಲ್ಲ. ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಮೆಲ್ಲನೆ ಮಾತನಾಡಬೇಕು. ಅಪಾಯವಿದೆಯೆಂದು ತೋರಿದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ಕರೆ ಮಾಡಬೇಕು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಮನೆಯ ಗುಟ್ಟು ಹೊರಬಿತ್ತೆಂದು ಮಗುವನ್ನೇ ದಂಡಿಸುವ ಹಿರಿಯರುಂಟು. ಆದುದರಿಂದ ಇಂಥ ಹಾಳೆಯನ್ನು ಮನೆಗೆ ಕಳುಹಿಸಬಾರದು.

ಈಗ ಗೃಹಸ್ಥರಿಗೆ ಒಂದು ವಿಜ್ಞಾಪನೆ. ಮಗು ಬರೆಯಲು ಕುಳಿತಾಗ ಪಕ್ಕದಲ್ಲಿ ಕೂಡಿರಿ. ಆದರೆ ಹೇಳಿ ಬರೆಯಿಸಬೇಡಿರಿ. ಮನೆಯಲ್ಲಿ ಎಮ್ಮೆಗಳಿರುವುದನ್ನು ಬರೆದರೆ ನಾಚಿಕೆ, ಅಪ್ಪ ಹಮಾಲಿ ಮಾಡುವುದನ್ನು ಬರೆದರೆ ಅವಮಾನ, ಅಕ್ಷರ ಸೊಟ್ಟಗಾದರೆ ಮನೆತನಕ್ಕೆ ಕುಂದು ಎಂದು ಎಣಿಸಿ, ಮಗು ಬರೆದುದನ್ನು ಹರಿದು, ಅಂತರಜಾಲದಿಂದಲೋ ಮಾದರಿ ಪುಸ್ತಕದಿಂದಲೋ ಇಳಿಸಿಕೊಡುವ ತಾಯಿತಂದೆಗಳನ್ನು ಪ್ರತಿವರ್ಷವೂ ಕಾಣುತ್ತೇವೆ. ಓದುಬರಹ ಬಲ್ಲವರ ಮನೆಯಲ್ಲಿ ಈ ರೋಗ ಹೆಚ್ಚು. ಓದು ಬಾರದ ತಾಯಿ, “ಏನ್ ಬರದೀ, ಓದಿ ಹೇಳು ನೋಡೂಣು” ಎನ್ನುತ್ತಾಳೆ. ಮಗು ಓದಿ ಹೇಳುತ್ತದೆ. ಆಕೆ ನಗುತ್ತಾಳೆ ಇಲ್ಲವೆ ಸುಮ್ಮನಾಗುತ್ತಾಳೆ. ಬರಹಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಯಿಲ್ಲ.

ಕೇಳುವುದಕ್ಕೆ ಎಷ್ಟು ಹೊತ್ತು ಬೇಕು? ಜಪಾನಿನ ತೆತ್ಸುಕೋ ಕುರೊಯಾನಾಗಿಯವರು 1981ರಲ್ಲಿ ಪ್ರಕಟಿಸಿದ ‘ತೊತ್ತೊಚಾನ್’ ಎಂಬ ಬಾಲ್ಯದ ನೆನಪುಗಳ ಪುಸ್ತಕ ಕನ್ನಡದಲ್ಲಿಯೂ ಬಂದಿದೆ. ಮೊದಲ ಶಾಲೆಯಿಂದ ಹೊರಗೆ ಹಾಕಲ್ಪಟ್ಟ ಆ ಚಿಕ್ಕ ಹುಡುಗಿ ಹೊಸ ಶಾಲೆಗೆ ಬಂದ ದಿನ, ಮುಖ್ಯೋಪಾಧ್ಯಾಯರಾದ ಸೋಸಾಕು ಕೊಬಾಯಾಶಿಯವರು ತಾಯಿಯನ್ನು ಕಳುಹಿಸಿ, ನಿನಗೆ ಹೇಳಬೇಕಾದುದನ್ನೆಲ್ಲ ಹೇಳು ಎಂದು ಕುಳಿತರು. ಸುಮಾರು ನಾಲ್ಕು ಗಂಟೆಗಳ ಕಾಲ ಆಕೆ ಮಾತನಾಡಿದಳು. ಆಕಳಿಸದೆ ಅವರು ಕೇಳಿದರು. ನಮ್ಮ ಶಾಲೆಗಳಲ್ಲಿ ನಲವತ್ತು ಮಕ್ಕಳಿಗೆ ನಾಲ್ಕು ನಾಲ್ಕು ಗಂಟೆ ಎಲ್ಲಿಂದ ಬರಬೇಕು? ಆ ಬಿಡುವು ಇಲ್ಲದ ಕಾರಣದಿಂದಲೇ ಹಾಳೆಯ ಆಶ್ರಯ.

ಹಾಳೆಗಳನ್ನು ತರಗತಿವಾರು ಕಟ್ಟಿ ಒಣಗಿದ ಜಾಗದಲ್ಲಿಡಬೇಕು. ಮಳೆಗಾಲದಲ್ಲಿ ಗೆದ್ದಲಿನ ಭಯವುಂಟು. ಯುಗಾದಿಯ ಆಸುಪಾಸಿನಲ್ಲಿ, ವಾರ್ಷಿಕ ಪರೀಕ್ಷೆ ಮುಗಿದ ಮರುದಿನ, ಯಾರ ಹಾಳೆಯನ್ನು ಅವರಿಗೆ ಮರಳಿ ಕೊಟ್ಟು, ಹಿಂಬದಿಯಲ್ಲಿ ಅದೇ ಪ್ರಶ್ನೆಗಳಿಗೆ ಮತ್ತೊಮ್ಮೆ ಉತ್ತರ ಬರೆಯಿಸತಕ್ಕದ್ದು. ಮುಂಬದಿಯ ಸೊಟ್ಟ ಅಕ್ಷರಗಳನ್ನು ಕಂಡು ಮಕ್ಕಳು ನಗುತ್ತಾರೆ. ‘ಆಲು’ ಎಂಬುದನ್ನು ತಾವೇ ಹೊಡೆದುಹಾಕಿ ‘ಹಾಲು’ ಮಾಡುತ್ತಾರೆ. ಮೇಲಿನ ತರಗತಿಗೆ ಹೋಗುವವರ ಹಾಳೆಗಳನ್ನು ಅವರ ಒಪ್ಪಿಗೆಯಿಂದ ಮುಂದಿನ ಉಪಾಧ್ಯಾಯರಿಗೆ ಒಪ್ಪಿಸಬಹುದು. ಬೇಡವೆಂದವರು ಮನೆಗೆ ಒಯ್ಯಲಿ.